ಬೆನ್ನ ಜೇಬಿನ ಎರಡನೇ ಪೊಟ್ಟಣ

ಭಾವ-ಮೈದುನರ ನಡುವೆ ಮನಸ್ತಾಪ ಬರಲು ಆಸ್ತಿಪಾಸ್ತಿಯೇ ಬೇಕೆಂದಿಲ್ಲ, ಎಂಟು ಸೆಕೆಂಡು ಸಾಕು. ಮೂರು ವಾರಗಳ ಆ ಸೈಕಲ್ ರೇಸಿನಲ್ಲಿ ದಿನಕ್ಕೊಂದು ಹಾದಿ, ಹೆಚ್ಚಿನವು ಬೆಟ್ಟದ ಹಾದಿಗಳೇ. ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಎಲ್ಲರಿಗಿಂತ ಕಡಿಮೆಯೋ ಅವನ ಮೈಮೇಲೆ ಕಿತ್ತಳೆ ಬಣ್ಣದ ಅಂಗಿ. ಈಗ ಆ ಅಂಗಿ ಮೈದುನನ ಮೈಮೇಲಿತ್ತು. ಭಾವ ಎಂಟು ಸೆಕೆಂಡು ಹಿಂದಿದ್ದ. ಉಳಿದದ್ದು ಒಂದೇ ಒಂದು ಬೆಟ್ಟದ ದಿನ. ಅದರ ಮರುದಿನದ್ದು ಬರೀ ಮೆರವಣಿಗೆ. ಅವತ್ತು ಕಿತ್ತಳೆ ಅಂಗಿಯವನನ್ನು ಹಿಂದಿಕ್ಕಲು ಯಾರೂ ಹೊರಡುವುದಿಲ್ಲ, ಅದು ಸವಾರರು ತಮ್ಮೊಳಗೇ ಇಟ್ಟುಕೊಂಡ ಹಳೆಯ ಮರ್ಯಾದೆ.

ಮೈದುನ ಬಾಯಿತುಂಬ 'ಭಾವ, ಭಾವ' ಎನ್ನುತ್ತಿದ್ದದ್ದನ್ನು ಕೇಳಿ ಕೇಳಿ ಇಡೀ ಸವಾರರ ಗುಂಪೇ ಅವನನ್ನು ಭಾವ ಎಂದು ಕರೆಯುತ್ತಿತ್ತು. ಅಕ್ಕತಂಗಿಯರೇ ಇಲ್ಲದವರೂ ಭಾವ ಎನ್ನುತ್ತಿದ್ದರು. ಮೈದುನನಿಗೆ ಕಡ್ಡಿ ಎಂದು ಹೆಸರು, ಅಷ್ಟು ತೆಳ್ಳಗಿದ್ದ. ಭಾವ ಈ ರೇಸನ್ನು ಹಿಂದೆ ಎರಡು ಸಲ ಎರಡನೆಯವನಾಗಿ ಮುಗಿಸಿದ್ದ. ಈಗ ಮಂಡಿ ಸವೆದಿತ್ತು. ಮುಂದಿನ ವರ್ಷಕ್ಕೆ ಕರಾರು ಇಲ್ಲವೆಂದು ತಂಡದವರು ನಯವಾಗಿ ಹೇಳಿಯಾಗಿತ್ತು. ಗೆದ್ದರೆ ಇವತ್ತು ಗೆಲ್ಲಬೇಕು, ಇಲ್ಲವಾದರೆ ಆ ಅಂಗಿಯನ್ನು ಟಿವಿಯಲ್ಲೇ ನೋಡಬೇಕು.

ಬೆಳಿಗ್ಗೆ ಹೋಟೆಲಿನ ಚಿಕ್ಕ ಕೋಣೆಯಲ್ಲಿ ಅವನ ಹೆಂಡತಿ, ಅಂದರೆ ಕಡ್ಡಿಯ ಅಕ್ಕ, ಕಿಟಕಿಯ ಕಟ್ಟೆಯ ಮೇಲೆ ಕುಕ್ಕರ್ ಇಟ್ಟುಕೊಂಡು ಅನ್ನ ಬೇಯಿಸಿದ್ದಳು. ಮೆತ್ತಗಾದ ಅನ್ನಕ್ಕೆ ಜೇನು, ಚಿಟಿಕೆ ಉಪ್ಪು ಹಾಕಿ, ತಟ್ಟೆಯಲ್ಲಿ ಒತ್ತಿ, ಬಿಲ್ಲೆಯಾಗಿ ಕತ್ತರಿಸಿ, ಬೆಳ್ಳಿ ಕಾಗದದಲ್ಲಿ ಸುತ್ತುವುದು. ಸವಾರರೆಲ್ಲ ಹಾದಿಯಲ್ಲಿ ತಿನ್ನುವುದು ಇಂಥದ್ದನ್ನೇ. ಅವಳು ಸುತ್ತುವಾಗ ಕಾಗದದ ಮೂಲೆಗಳನ್ನು ಉಡುಗೊರೆ ಪೊಟ್ಟಣದ ಹಾಗೆ ಒಳಕ್ಕೆ ಮಡಚುತ್ತಿದ್ದಳು. ಗಂಡನ ತಂಡದ ಬಣ್ಣವೂ ಬೇಡ, ತಮ್ಮನ ತಂಡದ್ದೂ ಬೇಡವೆಂದು ಮೂರು ವಾರವೂ ಬೂದು ಬಣ್ಣದ ಸ್ವೆಟರನ್ನೇ ತೊಟ್ಟಿದ್ದಳು.

"ಒಂದು ನಿಮ್ಮದು, ಒಂದು ಅವನದು," ಎಂದು ಎರಡು ಪೊಟ್ಟಣ ಕೈಗಿಟ್ಟಳು. "ಅವರ ಹೋಟೆಲಲ್ಲಿ ನನ್ನನ್ನ ಒಳಗೇ ಬಿಡಲ್ಲ, ನಿಮ್ಮ ಕಡೆ ಗೂಢಚಾರಿಣಿ ಅಂತೆ ನಾನು. ಹೊರಡೋ ಜಾಗದಲ್ಲಿ ಕೊಟ್ಟುಬಿಡಿ. ಅವನಿಗೆ ಹೊಟ್ಟೆ ಕೆಟ್ಟಿದೆ, ಅವರು ಶಕ್ತಿಗೆ ಅಂತ ಕೊಡೋ ಸಿಹಿ ಅಂಟು ಯಾವುದೂ ಇಳೀತಿಲ್ಲವಂತೆ."

"ಎದುರಾಳಿಗೆ ಬುತ್ತಿ ಹೊತ್ಕೊಂಡು ಹೋಗೋ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು."

"ಎದುರಾಳಿ ನಿಮಗೆ. ನನಗೆ ತಮ್ಮ," ಎಂದು ಅವಳು ಕುಕ್ಕರ್ ತೊಳೆಯಲು ಹೋದಳು.

ಹೊರಡುವ ಜಾಗದಲ್ಲಿ ಕಡ್ಡಿಯ ಸುತ್ತ ಕ್ಯಾಮೆರಾದವರು ಜೇನುಹುಳುಗಳಂತೆ ಮುತ್ತಿದ್ದರು. ಭಾವ ಸ್ವಲ್ಪ ಹೊತ್ತು ಕಾದ. ಎಲ್ಲರೆದುರು ಪೊಟ್ಟಣ ಕೊಟ್ಟರೆ ನಾಳೆ ಅದೇ ದೊಡ್ಡ ಸುದ್ದಿಯಾದೀತು ಎನಿಸಿತು. ದಾರಿಯಲ್ಲಿ ಕೊಟ್ಟರಾಯಿತೆಂದು ಎರಡನ್ನೂ ಅಂಗಿಯ ಬೆನ್ನ ಜೇಬಿಗೆ ತುರುಕಿದ. ದಾರಿಯಲ್ಲಿ ಒಮ್ಮೆ ಪಕ್ಕಕ್ಕೆ ಹೋದಾಗ ಕಡ್ಡಿಯ ತಂಡದವರು ಗೋಡೆ ಕಟ್ಟಿದಂತೆ ಅಡ್ಡ ಬಂದರು. ಇನ್ನೊಮ್ಮೆ ದಾರಿ ತೆರವಾಗಿತ್ತು, ಆದರೆ ಅವನೇ ಹೋಗಲಿಲ್ಲ. ಮರೆತಿದ್ದ ಎಂದರೆ ಸುಳ್ಳು. ನೆನಪಿಟ್ಟುಕೊಂಡೇ ಕೊಡಲಿಲ್ಲ ಎಂದರೂ ಪೂರ್ತಿ ನಿಜವಲ್ಲ. ಮನುಷ್ಯನಿಗೆ ಇವೆರಡರ ನಡುವೆ ಕೂರಲು ಒಂದು ಜಾಗ ಇದ್ದೇ ಇರುತ್ತದೆ, ಭಾವ ಅಲ್ಲಿ ಆರಾಮವಾಗಿ ಕುಳಿತು ಪೆಡಲ್ ತುಳಿಯುತ್ತಿದ್ದ.

ಕಡ್ಡಿಗೆ ಈ ಕಸುಬು ಕಲಿಸಿದವನು ಅವನೇ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮನೆಗೆ ಹೋದಾಗಲೆಲ್ಲ ಈ ಹುಡುಗ ಬೆನ್ನಿಗೆ ಬೀಳುತ್ತಿದ್ದ. ಏರಿನಲ್ಲಿ ಉಸಿರು ಹೇಗೆ ಹಿಡಿಯಬೇಕು, ಕಾಲು ಸತ್ತಿದ್ದರೂ ಅದು ಮುಖದಲ್ಲಿ ಕಾಣದಂತೆ ಹೇಗಿರಬೇಕು, ಎಲ್ಲ ಹೇಳಿಕೊಟ್ಟ. ಎಲ್ಲಕ್ಕಿಂತ ಮೊದಲು ಕಲಿಸಿದ ಪಾಠ ಇದು: "ಬೇರೆ ತಂಡದವನ ಕೈಯಿಂದ ನೀರೂ ಕುಡೀಬೇಡ, ತುತ್ತೂ ತಿನ್ನಬೇಡ. ಅದರೊಳಗೆ ಏನು ಬೆರೆಸಿದ್ದಾರೋ ಗೊತ್ತಾಗಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಿನ್ನ ಮಾತನ್ನ ದೇವರೂ ನಂಬಲ್ಲ." ಹುಡುಗ ಚಾಚೂ ತಪ್ಪದೆ ಪಾಲಿಸಿದ. ಕಲಿಸಿದ್ದನ್ನೆಲ್ಲ ಹಾಗೆ ಕಲಿತುಬಿಟ್ಟದ್ದೇ ಈಗ ಭಾವನ ತಲೆನೋವಾಗಿತ್ತು. ಬೇರೆ ಬೇರೆ ತಂಡ ಸೇರಿದ ಮೇಲೆ ಇಬ್ಬರೂ ಪತ್ರಿಕೆಯವರೆದುರು ಒಬ್ಬರ ಕಾಲು ಒಬ್ಬರು ಎಳೆಯುತ್ತ, ನಗುನಗುತ್ತಲೇ ಚುಚ್ಚುತ್ತ, ಕೊನೆಗೆ ಮನೆಯ ಊಟದ ಮೇಜಿನಲ್ಲೂ ಎದುರುಬದುರು ಕೂರುವುದನ್ನು ಬಿಟ್ಟಿದ್ದರು.

ನಡು ಹಾದಿಯಲ್ಲಿ ಒಂದು ಕಡೆ ತಂಡದ ಸಹಾಯಕರು ರಸ್ತೆ ಪಕ್ಕ ನಿಂತು, ಓಡುವ ಸವಾರರಿಗೆ ತಿನಿಸಿನ ಚೀಲ ಚಾಚುತ್ತಾರೆ. ಕಡ್ಡಿ ತೋಳು ಚಾಚಿದ, ಪಕ್ಕದವನ ಭುಜ ತಗುಲಿತು, ಚೀಲ ಬೆರಳ ತುದಿಯಿಂದ ಜಾರಿ ಹಿಂದಿನವರ ಚಕ್ರಗಳಡಿ ಬಿತ್ತು. ತಂಡದವನೊಬ್ಬ ತನ್ನ ಪಾಲಿನ ಸಿಹಿ ಅಂಟನ್ನು ಕೊಟ್ಟ. ಕಡ್ಡಿ ಅದನ್ನು ಬಾಯಿಗೆ ಹಾಕಿದವನೇ ಮುಖ ಸಿಂಡರಿಸಿ ಉಗುಳಿದ. ಹಿಂದೆಯೇ ಇದ್ದ ಭಾವ ಎಲ್ಲವನ್ನೂ ಕಂಡ, ಏನೂ ಕಾಣದವನಂತೆ ತನ್ನ ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದ.

ಕೊನೆಯ ಬೆಟ್ಟ ದೊಡ್ಡದು. ಮೊದಲ ತಿರುವುಗಳಲ್ಲೇ ಗುಂಪು ಚೆಲ್ಲಾಪಿಲ್ಲಿಯಾಯಿತು. ಮೂರನೇ ಸ್ಥಾನದಲ್ಲಿದ್ದವನು ಕೈ ಚೆಲ್ಲಿದ, ಸಹಾಯಕರೆಲ್ಲ ಕಳಚಿಕೊಂಡರು. ಅರ್ಧ ಏರುವಷ್ಟರಲ್ಲಿ ಉಳಿದದ್ದು ಭಾವ, ಮೈದುನ, ಮತ್ತು ಎದುರಿಗೊಂದು ಟಿವಿಯವರ ಮೋಟರ್ ಬೈಕು. ಕಡ್ಡಿ ಪಕ್ಕದಲ್ಲೇ ಏರುತ್ತಿದ್ದ. ಮುಖ ಕಲಿಸಿದ ಹಾಗೇ ಏನನ್ನೂ ತೋರಿಸುತ್ತಿರಲಿಲ್ಲ, ಆದರೆ ಮುಂದಿನ ಚಕ್ರ ನೆಟ್ಟಗೆ ಹೋಗುತ್ತಿರಲಿಲ್ಲ. ತುಟಿ ಬೆಳ್ಳಗಾಗಿತ್ತು. ಒಂದು ತಿರುವಿನಲ್ಲಿ ಅವನು ಗೇರ್ ಬದಲಿಸಲು ಹೋಗಿ ಬ್ರೇಕ್ ಹಿಡಿದ.

ಹಸಿವೆ ಬಡಿದ ಸವಾರನನ್ನು ಭಾವ ಬಹಳ ಸಲ ನೋಡಿದ್ದ, ತಾನೂ ಹಾಗೆ ಆಗಿದ್ದ. ಮೈಯೆಲ್ಲ ತಣ್ಣಗಾಗಿ, ಕಣ್ಣು ಕತ್ತಲಿಟ್ಟು, ಕಾಲು ತನ್ನದಲ್ಲ ಎನಿಸುತ್ತದೆ. ಕೊನೆಯ ಏರಿನಲ್ಲಿ ತಂಡದ ಕಾರಿನಿಂದ ತಿನಿಸು ಕೊಡುವಂತಿಲ್ಲ. ಸವಾರನಿಂದ ಸವಾರನಿಗೆ ಮಾತ್ರ ಅಡ್ಡಿಯಿಲ್ಲ.

ಕಿವಿಯೊಳಗಿನ ರೇಡಿಯೋದಲ್ಲಿ ತಂಡದ ಮ್ಯಾನೇಜರ್ ಅರಚಿದ. ಸವಾರರು ಅವನನ್ನು ಗಂಟಲು ಎಂದೇ ಕರೆಯುತ್ತಿದ್ದರು. "ಅವನ ಕಥೆ ಮುಗೀತು! ನೋಡ್ತಾ ಕೂತಿದ್ದೀಯಲ್ಲ ಮಾರಾಯ, ಹೊರಡು! ರೇಸು ನಿನ್ನದೇ!"

ರೇಸು ತನ್ನದೇ, ಭಾವನಿಗೂ ಅದು ಗೊತ್ತಿತ್ತು. ಎದ್ದು ನಿಂತು ನಾಲ್ಕು ಸಲ ಬಲವಾಗಿ ತುಳಿದರೆ ಸಾಕಿತ್ತು. ಅವನು ಎದ್ದೂ ನಿಂತ. ಆಗ ಬೆನ್ನ ಜೇಬಿನಲ್ಲಿ ಪೊಟ್ಟಣ ಅತ್ತಿತ್ತ ಅಲುಗಿತು. ತನ್ನ ಪಾಲಿನದು ಆಗಲೇ ಹೊಟ್ಟೆ ಸೇರಿತ್ತು, ಉಳಿದದ್ದು ಕಡ್ಡಿಯದು. ಮೇಲೆ ಹೋಗಿ ಆ ಕಿತ್ತಳೆ ಅಂಗಿ ತೊಡುವಾಗ ಈ ಅಂಗಿ ಬಿಚ್ಚಬೇಕಾಗುತ್ತದೆ, ಜೇಬು ಖಾಲಿ ಮಾಡಬೇಕಾಗುತ್ತದೆ ಎಂದು ಹೊಳೆದು ಭಾವನಿಗೆ ನಾಚಿಕೆಯಾಯಿತು. ಒಳಗಿಂದ ಬಂದ, ಕಿವಿ ಬಿಸಿಯಾಗುವಂಥ ನಾಚಿಕೆ. ಮತ್ತೆ ಸೀಟಿನ ಮೇಲೆ ಕುಳಿತ. ಗಂಟಲು ಇನ್ನೂ ಕೂಗುತ್ತಿದ್ದ, ರೇಡಿಯೋವನ್ನು ಕಿವಿಯಿಂದ ಕಿತ್ತು ಕೊರಳಿಗೆ ಇಳಿಬಿಟ್ಟ.

ಪೊಟ್ಟಣ ತೆಗೆದು ಪಕ್ಕಕ್ಕೆ ಚಾಚಿದ. "ತಗೋ. ನಿಂದೇ."

ಕಡ್ಡಿ ನೋಡಿದ. ಒಳಕ್ಕೆ ಮಡಚಿದ ಮೂಲೆಗಳು ಅವನಿಗೂ ಗುರುತು ಸಿಕ್ಕಿರಬೇಕು. ಕೈ ಅರ್ಧ ಬಂದು ಅಲ್ಲೇ ನಿಂತಿತು. ಉಗುಳು ನುಂಗಿಕೊಂಡು, ಏದುಸಿರಿನ ನಡುವೆ ಹೇಳಿದ: "ಮೊದಲು ನೀವು ಕಚ್ಚಿ."

ಭಾವನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಿನ್ನ ಅಕ್ಕನ ಕೈಯಿಂದ ಬಂದದ್ದು ಕಣೋ, ಎನ್ನಲು ಬಾಯಿ ತೆರೆದ. ಆದರೆ ಆ ಕೈಯಿಂದ ಬೆಳಿಗ್ಗೆಯೇ ಬಂದದ್ದು ಈಗ ಯಾಕೆ ಹೊರಗೆ ಬರುತ್ತಿದೆ ಎಂದು ಅವನು ಕೇಳಿದರೆ ಹೇಳಲು ಏನೂ ಇರಲಿಲ್ಲ. ಪಾಠ ಕಲಿಸಿದವನೂ ತಾನೇ, ಅದನ್ನು ನೆನಪಿಸುವಂತೆ ನಡೆದುಕೊಂಡವನೂ ತಾನೇ. ಹಲ್ಲಿನಿಂದ ಕಾಗದ ಹರಿದು ಒಂದು ಕಡಿ ಕಚ್ಚಿದ. ಆ ಏರಿನಲ್ಲಿ ಅನ್ನ ಅಗಿಯುವುದೆಂದರೆ ಮೂಗು ಮುಚ್ಚಿಕೊಂಡು ಓಡಿದ ಹಾಗೆ. ಕಡ್ಡಿ ನೋಡುತ್ತಿರುವಾಗಲೇ ನುಂಗಿ, ಬಾಯಿ ತೆರೆದು ತೋರಿಸಿ, ಉಳಿದದ್ದನ್ನು ಕೊಟ್ಟ.

ಕಡ್ಡಿ ಎರಡೇ ತುತ್ತಿಗೆ ಎಲ್ಲವನ್ನೂ ಬಾಯಿಗೆ ತುಂಬಿಕೊಂಡ.

"ನಾನು ಕಾಯಲ್ಲ," ಎಂದ ಭಾವ.

"ಕಾಯಬೇಡಿ," ಎಂದ ಕಡ್ಡಿ, ತುಂಬಿದ ಬಾಯಲ್ಲೇ.

ಭಾವ ಎದ್ದು ನಿಂತು ಹೊರಟ. ಮುಂದಿನ ತಿರುವಿನಲ್ಲಿ ತಿರುಗಿ ನೋಡಿದಾಗ ಕಿತ್ತಳೆ ಬಣ್ಣ ಬಹಳ ಕೆಳಗಿತ್ತು. ಅದರ ಮುಂದಿನದರಲ್ಲಿ ಕಾಣಲೇ ಇಲ್ಲ. ಅಷ್ಟು ಹೊತ್ತು ಅವನೇ ರೇಸಿನ ಮೊದಲಿಗ. ಅವನಿಗೆ ಹಗುರವಾಗಿತ್ತು, ಜೇಬೂ ಹಗುರ, ಮನಸ್ಸೂ ಹಗುರ. ಇನ್ನು ಗೆದ್ದರೆ ನೆಟ್ಟಗೆ ಗೆದ್ದಂತೆ ಎಂದು ಮಂಡಿಯ ನೋವನ್ನು ಲೆಕ್ಕಿಸದೆ ತುಳಿದ. ಆದರೆ ಅನ್ನ ತನ್ನ ಕೆಲಸ ತಾನು ಮಾಡುತ್ತದೆ, ತಿಂದವನು ಯಾರ ಕಡೆಯವನೆಂದು ಕೇಳುವುದಿಲ್ಲ. ಶಿಖರದ ಹತ್ತಿರದ ನೇರ ರಸ್ತೆಗೆ ಬಂದಾಗ ಹಿಂದಿನಿಂದ ಜನರ ಕೂಗು ಎದ್ದಿತು. ಅದು ತನಗಾಗಿ ಅಲ್ಲವೆಂದು ಭಾವನಿಗೆ ತಿರುಗದೆಯೇ ತಿಳಿಯಿತು.

ಭಾವ ಗೆರೆ ದಾಟಿದ ಆರನೇ ಸೆಕೆಂಡಿಗೆ ಕಡ್ಡಿಯೂ ದಾಟಿದ. ಎಂಟರಲ್ಲಿ ಎರಡು ಉಳಿಯಿತು. ಅಂದಿನ ಹಾದಿ ಗೆದ್ದದ್ದಕ್ಕೆ ಭಾವನಿಗೆ ಒಂದು ಹೂಗುಚ್ಛ ಸಿಕ್ಕಿತು. ಕಿತ್ತಳೆ ಅಂಗಿ ಇದ್ದವನ ಮೈಮೇಲೇ ಇತ್ತು.

ಸಂಜೆ ಹೋಟೆಲಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಭಾವ ಅತ್ತ. ಕೊಟ್ಟದ್ದಕ್ಕೆ ಅಲ್ಲ. ಬೆಳಿಗ್ಗೆಯೇ ಕೊಟ್ಟಿದ್ದರೆ ಅವನು ಸೋಲುತ್ತಿದ್ದುದು ಒಬ್ಬ ಗಟ್ಟಿ ಎದುರಾಳಿಗೆ, ಅಷ್ಟೇ ಆಗಿರುತ್ತಿತ್ತು. ಈಗ ಮೂರನೇ ಸಲ ಎರಡನೆಯವನಾದದ್ದರ ಜೊತೆಗೆ 'ಮೊದಲು ನೀವು ಕಚ್ಚಿ' ಎಂಬ ಆ ಮೂರು ಪದಗಳೂ ಮನೆಗೆ ಬರುತ್ತವೆ. ಹೊರಗೆ ಬಂದಾಗ ಹೆಂಡತಿ ಹೂಗುಚ್ಛವನ್ನು ಹಲ್ಲುಜ್ಜುವ ಲೋಟದಲ್ಲಿ ನಿಲ್ಲಿಸಲು ಹೆಣಗುತ್ತಿದ್ದಳು.

"ಪೊಟ್ಟಣ ತಡವಾಗಿ ಕೊಟ್ಟೆ ಕಣೆ," ಎಂದ.

"ಟಿವಿಯಲ್ಲಿ ನೋಡಿದೆ."

"ನಾನು ಕಚ್ಚಿದ್ದು?"

"ಅದನ್ನೂ ನೋಡಿದೆ. ಯಾಕೆ ಕಚ್ಚಿದ್ರಿ ಅಂತ ಆಗ ತಿಳೀಲಿಲ್ಲ. ಆಮೇಲೆ ಅವನೇ ಫೋನ್ ಮಾಡಿ ಹೇಳಿದ." ಲೋಟ ಮಗುಚಿತು, ಅವಳು ಬೈದುಕೊಂಡು ನೀರು ಒರೆಸಿದಳು. "ಇಬ್ಬರ ಮೇಲೂ ನನಗೆ ಕೋಪ ಇದೆ. ಆದರೆ ನಾಳೆಗೂ ಅಕ್ಕಿ ನೆನೆಸಬೇಕಲ್ಲ, ಡಬ್ಬ ಕೊಡಿ ಇಲ್ಲಿ."

ಮರುದಿನ ಬೆಳಿಗ್ಗೆ ಅವಳು ಪೊಟ್ಟಣಗಳನ್ನು ಗಂಡನ ಕೈಗೆ ಕೊಡಲಿಲ್ಲ. ಬೂದು ಸ್ವೆಟರ್ ತೊಟ್ಟು ತಾನೇ ಹೊರಡುವ ಜಾಗಕ್ಕೆ ಬಂದಳು, ಕ್ಯಾಮೆರಾದವರನ್ನು ಮೊಣಕೈಯಲ್ಲಿ ಸರಿಸಿ ಎರಡನ್ನೂ ತಮ್ಮನ ಜೇಬಿಗೆ ಹಾಕಿ, ಅವನ ಕಿವಿಯಲ್ಲಿ ಏನೋ ಹೇಳಿ ಹೋದಳು. ಭಾವ ದೂರದಿಂದ ನೋಡಿದ. ತನಗಿವತ್ತು ಉಪವಾಸ ಎಂದುಕೊಂಡ.

ಮೆರವಣಿಗೆಯ ದಿನ ಸವಾರರು ಹರಟುತ್ತ, ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ನಿಧಾನ ಹೋಗುತ್ತಾರೆ. ಭಾವ ಗುಂಪಿನ ಹಿಂಭಾಗದಲ್ಲಿ ಒಬ್ಬನೇ ಇದ್ದ. ಇಂಥ ಹಾದಿ ಇನ್ನಿಲ್ಲವಲ್ಲ ಎಂದು ಎರಡೂ ಬದಿಯ ಮನೆಗಳನ್ನು, ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆಗಳನ್ನು ನೋಡುತ್ತಿದ್ದ. ಮುಂದಿನಿಂದ ಕಿತ್ತಳೆ ಅಂಗಿ ನಿಧಾನವಾಗಿ ಹಿಂದೆ ಸರಿಯುತ್ತ ಅವನ ಪಕ್ಕಕ್ಕೆ ಬಂತು. ಕಡ್ಡಿ ಅವನ ಮುಖ ನೋಡಲಿಲ್ಲ. ಬೆನ್ನ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದ, ಹಲ್ಲಿನಿಂದ ಕಾಗದ ಹರಿದ. ಭಾವ ಏನನ್ನೂ ಕೇಳಿರಲಿಲ್ಲ, ಕೇಳುವವನೂ ಆಗಿರಲಿಲ್ಲ.

ಕಡ್ಡಿ ತಾನೇ ಮೊದಲು ಒಂದು ಕಡಿ ಕಚ್ಚಿ, ಅಗಿದು, ನುಂಗಿ, ಬಾಯಿ ದೊಡ್ಡದಾಗಿ ತೆರೆದು ತೋರಿಸಿದ. ಆಮೇಲೆ ಉಳಿದದ್ದನ್ನು ಚಾಚಿ, "ತಗೊಳ್ಳಿ ಭಾವ," ಎಂದ.