ಅರವತ್ತನೆಯ ದಿನದ ಉಂಡಿ

ನಾನು ಒಂದು ಕರಿ ಟ್ರಂಕು. ಬೆಳಗಾವಿಯ ತಗಡಿನ ಅಂಗಡಿಯೊಂದರಲ್ಲಿ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದೆ. ಹೊಸದಾಗಿ ಸೈನ್ಯ ಸೇರಿದ್ದ ಅಡಿವೆಪ್ಪ ನನ್ನನ್ನು ಕೊಂಡು, ಮೈಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರು, ನಂಬರು ಬರೆಸಿದ. ಸುಳ್ಳೇಕೆ ಹೇಳಲಿ, ನನಗೆ ಜಂಬ ಬಂತು.

ಹತ್ತೊಂಬತ್ತು ವರ್ಷ ಅವನ ಜೊತೆ ಹಿಮ, ಮರಳು ಎಲ್ಲ ಕಂಡೆ. ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅರವತ್ತನೆಯ ದಿನ ಅವನ ಹೆಂಡತಿ ಕಸ್ತೂರಿ ಶೇಂಗಾ ಹುರಿದು, ಉಂಡಿ ಕಟ್ಟಿ, ಡಬ್ಬಿಯನ್ನು ನನ್ನೊಳಗೆ ಇಡುತ್ತಿದ್ದಳು. ಮುಚ್ಚಳ ಹಾಕುವಾಗ ಅವಳ ಕಣ್ಣೀರು ನನ್ನ ಮೇಲೆ ಬೀಳುತ್ತಿತ್ತು. ಮರುದಿನ ನಾನು ಅವಳ ಗಂಡನ ಜೊತೆ ರೈಲು ಹತ್ತುತ್ತಿದ್ದೆ.

ಕೊನೆಗೆ ಅಡಿವೆಪ್ಪ ನಿವೃತ್ತನಾಗಿ ಬಂದ. ಇನ್ನು ಸುಖವಾಗಿರುತ್ತಾರೆ ಎಂದುಕೊಂಡೆ. ಎಲ್ಲಿಯ ಸುಖ! ಗಂಡ ಹೆಂಡತಿ ಹೊಸ ಬೀಗರ ಹಾಗೆ ಅಳೆದು ತೂಗಿ ಮಾತಾಡುತ್ತಿದ್ದರು. ಒಮ್ಮೆ ಅವಳು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟಾಗ ಅವನು ಬೆಚ್ಚಿಬಿದ್ದು ಆ ಕೈಯನ್ನೇ ತಿರುಚಿಬಿಟ್ಟ. "ತಪ್ಪಾತು" ಎಂದವನು ಅಂದಿನಿಂದ ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡ. ಬೆಳಗಾದರೆ ಬಟ್ಟೆ ಮಡಚಿ ನನ್ನೊಳಗಿಟ್ಟು ಕೀಲಿ ಹಾಕುತ್ತಿದ್ದ. ಬ್ಯಾರಕ್ಕಿನ ಅಭ್ಯಾಸ. ಕಸ್ತೂರಿ ದೂರದಿಂದ ನೋಡುತ್ತಿದ್ದಳು. ನನಗೋ, ಹೊಟ್ಟೆ ತುಂಬಿದ್ದೇ ಹಿತವಾಗಿತ್ತು. ಅದೇ ನನ್ನ ತಪ್ಪು.

ಅವನು ಮನೆಗೆ ಬಂದ ಅರವತ್ತನೆಯ ದಿನ ಶೇಂಗಾ ಹುರಿದ ವಾಸನೆ ಬಂತು. ಕಸ್ತೂರಿ ಡಬ್ಬಿ ತಂದು ನನ್ನ ಮೇಲಿಟ್ಟಳು. ಅಡಿವೆಪ್ಪನ ಮುಖ ಬಿಳಿಚಿತು.

"ನಾ ಹೋಗ್ಲಿ ಅಂತೀಯೇನು, ಕಸ್ತೂರಿ?"

ಅವಳು ಡಬ್ಬಿ ನೋಡಿದಳು, ತನ್ನ ಕೈ ನೋಡಿಕೊಂಡಳು. ರೂಢಿಯಲ್ಲೇ ಉಂಡಿ ಕಟ್ಟಿಬಿಟ್ಟಿದ್ದಳು, ಪಾಪ.

"ಅಯ್ಯ, ನನಗ ಖಬರ ಇರಲಿಲ್ರಿ. ದಿನಾ ಅರಬಿ ಟ್ರಂಕಿನ್ಯಾಗಿಟ್ಟು ಕೀಲಿ ಹಾಕ್ತೀರಿ. ಇವತ್ತಿಲ್ಲಾ ನಾಳಿ ಹೊಂಟ್ರು ಅಂತನ ಅನಸ್ತೈತಿ. ಹೋಗಾವ್ರ ಮ್ಯಾಲ ಎಷ್ಟ ಸಲ ಜೀವಾ ಹಚ್ಚಿಕೊಳ್ಳಲಿ?"

"ಆವತ್ತ ನಿನ್ನ ಕೈ ತಿರುವಿದ್ನಲ್ಲ, ಅದಕ್ಕ ಅಂಜಿ ದೂರ ಇದ್ದೆ."

"ಕೈ ನೋವು ಆವತ್ತ ಹೋತು. ನೀವು ದೂರ ಆದ ನೋವು ಇನ್ನೂ ಐತಿ."

ಇಬ್ಬರೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವನು ಕೀಲಿ ತೆಗೆದು ಒಂದೊಂದೇ ಅಂಗಿ ಕೊಟ್ಟ; ಅವಳು ಕಪಾಟಿನಲ್ಲಿ ತನ್ನ ಸೀರೆಗಳನ್ನು ಸರಿಸಿ ಅವನ್ನು ಇಟ್ಟಳು.

ಈಗ ಹಿತ್ತಲಲ್ಲಿದ್ದೇನೆ. ತುಕ್ಕು ಹಿಡಿದಿದೆ, ಕೋಳಿ ನನ್ನೊಳಗೆ ಮೊಟ್ಟೆ ಇಡುತ್ತದೆ. ಒಮ್ಮೊಮ್ಮೆ ಮನೆಯೊಳಗಿನಿಂದ ಅವರಿಬ್ಬರ ನಗು ಕೇಳುತ್ತದೆ. ಇಬ್ಬರ ತಲೆಯೂ ನರೆತಿದೆ. ಆ ನಗು ಎಳೆಯದಾಗಿದ್ದಾಗ ಅದನ್ನು ವರ್ಷ ವರ್ಷವೂ ಹೊತ್ತೊಯ್ದದ್ದು ನಾನು. ಆ ಎಳೆಯ ನಗುವನ್ನು ವಾಪಸ್ ತಂದುಕೊಡುವುದು ಮಾತ್ರ ನನ್ನಿಂದ ಆಗಲಿಲ್ಲ.