ನಾಲ್ಕನೆಯ ಸಾಲು

ಪುರಸಭೆಯ ಬಾಗಿಲಿನ ಮೇಲೆ ಉದ್ದನೆಯ ತಗಡಿನ ಬೋರ್ಡ್ ಒಂದಿದೆ. ಊರಿನಲ್ಲಿ ಯಾವ ಜನ ಎಷ್ಟಿದ್ದಾರೆ ಎಂಬ ಲೆಕ್ಕ ಅದರ ಮೇಲೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಹಳೆಯ ಅಂಕಿ ಅಳಿಸಿ ಹೊಸದು ಬರೆಸುತ್ತಾರೆ. ನಡುವಿನ ಹತ್ತು ವರ್ಷ ಯಾರೂ ಅದರ ಕಡೆ ಕತ್ತೆತ್ತಿ ನೋಡುವುದಿಲ್ಲ. ನೋಡುವವನು ಒಬ್ಬನೇ, ಅದನ್ನು ಬರೆಯುವ ಪೇಂಟರ್.

ಹೊಳೆಯವರು, ಬಯಲಿನವರು, ಕಡಲಿನವರು, ಬೆಟ್ಟದವರು. ಇವು ನಾಲ್ಕು ಸಾಲು. ಪೇಂಟರ್ ಬೆಟ್ಟದವನು. ಹಾಗೆಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಅವನು ಹುಟ್ಟಿದ್ದು ಇದೇ ಊರಿನ ಹೆರಿಗೆ ಆಸ್ಪತ್ರೆಯಲ್ಲಿ, ಏಣಿಗಿಂತ ಎತ್ತರದ್ದನ್ನು ಹತ್ತಿದವನಲ್ಲ. ಆದರೂ ಚಳಿ ಬಿದ್ದಾಗೆಲ್ಲ ಊರಿನವರು "ನಿಮಗೇನ್ರಿ, ಬೆಟ್ಟದೋರು, ಚಳಿ ತಾಗುತ್ತಾ?" ಎಂದು ಕೇಳುವುದು ಬಿಟ್ಟಿಲ್ಲ. ಐವತ್ತೆಂಟು ವರ್ಷದಿಂದ ಅವನು ನಡುಗುತ್ತಲೇ ನಕ್ಕು ಸುಮ್ಮನಾಗಿದ್ದಾನೆ.

ಸೇತುವೆ ಕಟ್ಟುವ ಕೆಲಸಕ್ಕೆಂದು ಬೆಟ್ಟದವರು ಏಳು ಜನ ಇಲ್ಲಿಗೆ ಬಂದಿದ್ದರು. ಸೇತುವೆ ಮುಗಿದ ಮೇಲೆ ಕಂಬಿಗಳಿಗೆ ಬಣ್ಣ ಹೊಡೆಯಲು ಉಳಿದ ಅವನ ಅಪ್ಪ ಆ ಬಣ್ಣಕ್ಕೇ ಅಂಟಿಕೊಂಡುಬಿಟ್ಟ. ಮೊದಲ ಬೋರ್ಡನ್ನು ಬರೆದದ್ದೂ ಅವನೇ. ಬೆಟ್ಟದವರು, ಏಳು. ಆಮೇಲೆ ಒಬ್ಬೊಬ್ಬರೇ ವಾಪಸು ಹೋದರು, ಕೆಲವರು ತೀರಿಕೊಂಡರು. ಮಗನ ಕೈಗೆ ಬ್ರಶ್ ಬರುವಷ್ಟರಲ್ಲಿ ನಾಲ್ಕಾಗಿತ್ತು, ಆಮೇಲೆ ಮೂರು. ಮಗನಿಗೆ ಮದುವೆ ಕೂಡಿಬರಲಿಲ್ಲ. ಅವರ ಜನದಲ್ಲಿ ಹೆಣ್ಣಿರಲಿಲ್ಲ, ಬೇರೆಯವರು ಕೊಡಲಿಲ್ಲ, ಅಷ್ಟೇ ಕತೆ. ಹಿಂದಿನ ಸಲ ಅವನು ಬರೆದದ್ದು ಎರಡು: ಅವನು ಮತ್ತು ಅವನ ಅಮ್ಮ. ಎಂಟು ವರ್ಷದ ಹಿಂದೆ ಅಮ್ಮನೂ ಹೋದಳು. ಅವಳ ಜೊತೆಗೆ ಮನೆಯಲ್ಲಿ ಬೆಟ್ಟದವರ ಭಾಷೆಯ ಮಾತೂ ನಿಂತುಹೋಯಿತು. ಗೋಡೆಯ ಜೊತೆ ಎಷ್ಟು ದಿನ ಮಾತಾಡಲಾದೀತು?

ಅಂದಿನಿಂದ ಅವನು ಒಂದೇ ವಿಷಯಕ್ಕೆ ಕಾಯುತ್ತಿದ್ದ. ಈ ಸಲ ನಾಲ್ಕನೆಯ ಸಾಲಿನಲ್ಲಿ 'ಒಂದು' ಎಂದು ಬರೆಯಬೇಕು. ಒಂದೇ ಅಂಕಿ ಬರೆಯುವುದು ಸುಲಭವೆಂದು ತಿಳಿಯಬೇಡಿ. ಪಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೆ ಅದನ್ನು ನೋಡಿ ಇದರ ಎತ್ತರ ಸರಿಮಾಡಬಹುದು. ಒಂಟಿ ಅಂಕಿ ಸ್ವಲ್ಪ ವಾಲಿದರೂ ಇಡೀ ಊರಿಗೆ ಕಾಣುತ್ತದೆ.

ಗಣತಿ ಮುಗಿದು, ಪುರಸಭೆಯ ಗುಮಾಸ್ತರು ಬರೆಯಬೇಕಾದ ಚೀಟಿ ಕೊಟ್ಟರು. ಹೊಳೆಯವರು ೪೩೧೮. ಬಯಲಿನವರು ೨೯೦೬. ಕಡಲಿನವರು ೬೧೧. ಒಟ್ಟು ೭೮೩೫.

ಪೇಂಟರ್ ಚೀಟಿಯ ಹಿಂಬದಿ ತಿರುಗಿಸಿ ನೋಡಿದ. ಖಾಲಿ.

"ಸಾರ್, ಒಂದು ಸಾಲು ಬಿಟ್ಟುಹೋಗಿದೆ."

"ಬಿಟ್ಟಿಲ್ಲ. ಬೆಟ್ಟದೋರು ಯಾರೂ ಇಲ್ವಂತೆ. ಆ ಸಾಲು ಉಜ್ಜಿ ತೆಗೆದುಬಿಡಿ."

"ನಾನು ಇದೀನಲ್ಲ ಸಾರ್, ನಿಮ್ಮ ಎದುರಿಗೇ."

ಗುಮಾಸ್ತರು ಕನ್ನಡಕ ಏರಿಸಿ ಅವನನ್ನು ನೋಡಿದರು, ಅವನು ಇರುವುದು ಇದೀಗ ಖಾತ್ರಿಯಾಯಿತು ಅನ್ನುವ ಹಾಗೆ. ಕಟ್ಟು ಬಿಚ್ಚಿ, ಅವನ ಬೀದಿಯ ಹಾಳೆ ಹುಡುಕಿ ತೆಗೆದರು. ಅವನ ಮನೆ ನಂಬರಿನ ಎದುರು ಗಣತಿ ಟೀಚರಮ್ಮನ ದುಂಡಗಿನ ಅಕ್ಷರ: ಗಂಡಸು, ಒಬ್ಬರೇ ವಾಸ, ಬಯಲಿನವರು. ಮನೆಯಲ್ಲಿ ಇರಲಿಲ್ಲವಾದ್ದರಿಂದ ಪಕ್ಕದ ಮನೆಯವರು ಹೇಳಿದ್ದು.

ಪಕ್ಕದ ಮನೆಯೆಂದರೆ ಬಯಲಿನವರ ಇಸ್ತ್ರಿ ಅಕ್ಕ. ನಲವತ್ತು ವರ್ಷದಿಂದ ಇಬ್ಬರ ಮನೆಗೂ ನಡುವಿನ ಗೋಡೆ ಒಂದೇ. ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವಾಗ ಚಿಮಟದಿಂದ ಗೋಡೆಗೆ ಎರಡು ಸಲ ಬಡಿಯುತ್ತಾಳೆ. ಎದ್ದಿದ್ದೀಯಾ ಎಂದು ಕೇಳುವ ರೀತಿ ಅದು. ಅವನೂ ಎರಡು ಸಲ ಬಡಿಯುತ್ತಾನೆ. ಅಮ್ಮ ಹೋದ ಮೇಲೆ ಅವನು ಬದುಕಿದ್ದಾನೋ ಇಲ್ಲವೋ ಎಂದು ದಿನವೂ ವಿಚಾರಿಸುವ ಜೀವ ಅವಳೊಬ್ಬಳೇ.

"ಶುಕ್ರವಾರದ ಒಳಗಾದ್ರೆ ತಿದ್ದಬಹುದು," ಎಂದರು ಗುಮಾಸ್ತರು. "ಆದ್ರೆ ಹೇಳಿದವರೇ ಬಂದು, ನಾನು ಹೇಳಿದ್ದು ತಪ್ಪು ಅಂತ ಸಹಿ ಹಾಕ್ಬೇಕು. ಯಾಕ್ರೀ ಇಷ್ಟು ಒದ್ದಾಡ್ತೀರ? ಒಟ್ಟು ಹೇಗೂ ಅಷ್ಟೇ ಅಲ್ವಾ?"

ಅಷ್ಟೇ, ನಿಜ. ಗುಮಾಸ್ತರ ಲೆಕ್ಕಕ್ಕೆ ಕೊರತೆಯೇನೂ ಇರಲಿಲ್ಲ.

ಅವನು ಹೋದಾಗ ಅಕ್ಕ ಯಾರದೋ ಬಿಳಿ ಅಂಗಿಯ ಕಾಲರ್ ತಿಕ್ಕುತ್ತಿದ್ದಳು. ಅವನು ಹೊಸಿಲಲ್ಲೇ ನಿಂತ. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನೆಲ್ಲ ಬಿಟ್ಟು ನೇರವಾಗಿ ಕೇಳಿದ.

"ಅಕ್ಕ, ಟೀಚರಮ್ಮನ ಹತ್ರ ನನ್ನನ್ನ ಬಯಲಿನೋರು ಅಂತ ಬರೆಸಿದೀಯಾ?"

"ಹೂಂ ಮತ್ತೆ! ಪಕ್ಕದ ಮನೆಯೋರು ಯಾವ ಜನ ಅಂತ ಕೇಳಿದ್ಲು. ನಮ್ಮೋನೇ ಕಣಮ್ಮ ಬರ್ಕೋ ಅಂದೆ." ಅವಳ ಮುಖ ಅರಳಿತ್ತು. "ಹೋದ್ಸಲ ನೀನೂ ಅಮ್ಮನೂ ಇದ್ರಿ. ಈಗ ನಿನ್ನೊಬ್ಬನನ್ನೇ ಒಂದು ಸಾಲಲ್ಲಿ ಕೂರ್ಸೋದಾ? ಪಂಕ್ತಿಯಲ್ಲಿ ಒಬ್ಬನಿಗೇ ಎಲೆ ಹಾಕಿದ ಹಾಗೆ? ನನ್ನ ಕೈಲಾಗಲಿಲ್ಲಪ್ಪ."

ಅವನು ನೆಲ ನೋಡಿದ. ಹುಟ್ಟಿದಂದಿನಿಂದ ಈ ಊರಿನಲ್ಲಿ ಯಾರಾದರೂ ನಮ್ಮೋನು ಅನ್ನಲಿ ಎಂದು ಕಾದಿದ್ದ. ಅಂದವಳ ಎದುರಿಗೆ ನಿಂತು ಈಗ ಅದು ಬೇಡ ಅನ್ನಬೇಕಾಗಿತ್ತು.

"ಅದನ್ನ ತಪ್ಪು ಅಂತ ಸಹಿ ಹಾಕ್ಬೇಕಂತೆ ಅಕ್ಕ. ನೀನೇ."

ಇಸ್ತ್ರಿಪೆಟ್ಟಿಗೆ ನಿಂತಿತು. "ನಮ್ಮೋನು ಅಂದಿದ್ದು ತಪ್ಪಾ?"

"ನಿನ್ನ ತಪ್ಪಲ್ಲ. ಆ ಸಾಲು ಉಜ್ಜಿ ತೆಗಿ ಅಂತಾರೆ. ಅಪ್ಪ ಬರೆದ ಸಾಲು ಅದು. ನಾನೂ ಇಲ್ಲ ಅಂದ್ರೆ ನಮ್ಮಮ್ಮ ಇಲ್ಲಿದ್ಲು ಅನ್ನೋದಕ್ಕೆ ಏನು ಉಳಿಯುತ್ತೆ ಹೇಳು?"

ಬಟ್ಟೆ ಕಮರಿದ ವಾಸನೆ ಬಂದಾಗಲೇ ಅಕ್ಕ ಪೆಟ್ಟಿಗೆ ಎತ್ತಿದ್ದು. ಬಿಳಿ ಕಾಲರಿನ ಮೇಲೆ ಕಂದು ಕಲೆ. ಇಷ್ಟು ವರ್ಷದಲ್ಲಿ ಅವಳು ಬಟ್ಟೆ ಸುಟ್ಟದ್ದನ್ನು ಅವನು ಕಂಡಿರಲಿಲ್ಲ. ಅವಳು ಕಲೆಗೆ ನೀರು ಚಿಮುಕಿಸುತ್ತ, "ನಾಳೆ ಬರ್ತೀನಿ, ನಡಿ," ಎಂದಳು. ಅವನ ಕಡೆ ನೋಡಲಿಲ್ಲ.

ಮರುದಿನ ಬಂದಳು. ಸಹಿ ಹಾಕಿದಳು. ಗುಮಾಸ್ತರು, "ಏನಮ್ಮ, ಮನೆ ಮಗನ್ನೇ ಹೊರಗೆ ಹಾಕಿಬಿಟ್ರಲ್ಲ!" ಎಂದು ತಮಾಷೆ ಮಾಡಿದರು. ತಮಾಷೆಗೂ ಹೊತ್ತುಗೊತ್ತು ಇರಬೇಕೆಂದು ಕೆಲವರಿಗೆ ಯಾವ ಕಚೇರಿಯೂ ಕಲಿಸುವುದಿಲ್ಲ. ಅಕ್ಕ ಸೆರಗು ಬಿಗಿದುಕೊಂಡು ಹೊರಟುಹೋದಳು.

ಆಮೇಲೆ ಮೂರು ದಿನ ಬೆಳಿಗ್ಗೆ ಗೋಡೆ ಸದ್ದು ಮಾಡಲಿಲ್ಲ. ಅವನು ಎದ್ದು ಹಾಸಿಗೆಯ ಮೇಲೆ ಕೂತು ಕಾದ. ಆ ಕಡೆ ಚಿಮಟದ ಸದ್ದು, ಬೂದಿ ಊದುವ ಸದ್ದು, ಕೆಮ್ಮು, ಎಲ್ಲ ಕೇಳುತ್ತಿತ್ತು. ಬಡಿತ ಮಾತ್ರ ಇಲ್ಲ. ಎರಡನೆಯ ದಿನ ತಾನೇ ಬಡಿಯೋಣವೆಂದು ಕೈ ಎತ್ತಿದ. ಏನಂತ ಬಡಿಯುವುದು? ಕೈ ಇಳಿಸಿದ. ಒಬ್ಬನೇ ಎಂದು ಬರೆಸಲು ಅಷ್ಟು ಹಟ ಹಿಡಿದವನಿಗೆ, ಒಬ್ಬನೇ ಎಂದರೆ ಏನೆಂದು ತಿಳಿದದ್ದು ಆ ಮೂರು ದಿನದಲ್ಲಿ.

ಶುಕ್ರವಾರ ಮಧ್ಯಾಹ್ನ ಅವನು ಪುರಸಭೆಯ ಬಾಗಿಲಿಗೆ ಏಣಿ ಹಾಕಿದ. ಊಟದ ಹೊತ್ತು, ಜಗಲಿ ಖಾಲಿ. ಹೊಸ ಚೀಟಿ ಜೇಬಿನಲ್ಲಿತ್ತು. ಹೊಳೆಯವರನ್ನು ಬರೆದ. ಬಯಲಿನವರ ಸಾಲಿನಲ್ಲಿ ಹಳೆಯ ಚೀಟಿಯ ಕೊನೆಯ ಆರರ ಬದಲು ಐದು ಬರೆಯುವಾಗ ಬ್ರಶ್ ತಡೆಯಿತು. ಅಕ್ಕನ ಮನೆಯಿಂದ ತನ್ನ ಚಾಪೆಯನ್ನು ತಾನೇ ಸುತ್ತಿ ತಂದ ಹಾಗಾಯಿತು. ಆದರೂ ಬರೆದ. ಕಡಲಿನವರನ್ನೂ ಮುಗಿಸಿದ. ಆಮೇಲೆ ನಾಲ್ಕನೆಯ ಸಾಲು. ಉಸಿರು ಕಟ್ಟಿ, ಒಂದೇ ಎಳೆತದಲ್ಲಿ ಅಂಕಿಯನ್ನು ಎಳೆದ.

ವಾಲಲಿಲ್ಲ. ಅಪ್ಪ ನೋಡಿದ್ದರೂ ತಪ್ಪು ಹುಡುಕುತ್ತಿರಲಿಲ್ಲ. ತೋರಿಸೋಣವೆಂದು ತಿರುಗಿದ, ಬೀದಿಯಲ್ಲಿ ಯಾರಿದ್ದರು? ತಿರುಗಿದ ರಭಸಕ್ಕೆ ಏಣಿ ಒಂದು ಕಡೆ ಜಾರಿತು. ಅಷ್ಟರಲ್ಲಿ ಕೆಳಗಿನಿಂದ ಎರಡು ಕೈ ಏಣಿಯನ್ನು ಗಟ್ಟಿಯಾಗಿ ಹಿಡಿದವು.

ಇಸ್ತ್ರಿ ಅಕ್ಕ. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಬೋರ್ಡನ್ನೇ ನೋಡುತ್ತಿದ್ದಳು, ತನ್ನ ಸಾಲನ್ನೂ, ಅವನದನ್ನೂ. ಆಮೇಲೆ ಬಾಯಿ ತೆರೆದಳು.

"ಕೈ ತೊಳ್ಕೊಂಡು ಬಾರೋ, ಊಟ ಆರ್ತಿದೆ."

ಹೇಳಿದ್ದು ಅವಳ ಭಾಷೆಯಲ್ಲಲ್ಲ. ಅವನ ಅಮ್ಮನ ಭಾಷೆಯಲ್ಲಿ. ದಿನವೂ ಹಿತ್ತಿಲ ಬಾಗಿಲಿನಿಂದ ಅಮ್ಮ ಕೂಗುತ್ತಿದ್ದ ಮಾತು ಅದು. ಗೋಡೆಯ ಆಚೆಯಿಂದ ಕೇಳಿಯೇ ಕಲಿತಿದ್ದಳು. ಕೊನೆಗಾಲದಲ್ಲಿ ಹಲ್ಲಿಲ್ಲದ ಬಾಯಲ್ಲಿ ಅಮ್ಮ ಹೇಗೆ ತೊದಲುತ್ತಿದ್ದಳೋ, ಅದೇ ತೊದಲು, ಅದೇ ಜಾಗದಲ್ಲಿ.

ಎಂಟು ವರ್ಷವಾಗಿತ್ತು. ಏಣಿಯ ಮೇಲೆ ಅವನು ಉಕ್ಕಿಬಿಟ್ಟ. ಬಂದೆ, ಬಂದೆ, ನಿನ್ನ ಊಟ ಆಯಿತಾ, ನನಗಾಗಿ ಕಾಯಬೇಡ ಅಂದಿರಲಿಲ್ಲವಾ, ನೋಡು ಸಾಲು ಉಳಿಸಿದೆ, ಮೂರು ದಿನ ಯಾರೂ ಬಡಿಯಲಿಲ್ಲ, ಚಳಿಯಾಗುತ್ತದೆ, ಇವರಿಗೆ ಗೊತ್ತಿಲ್ಲ, ನನಗೆ ಯಾವಾಗಲೂ ಚಳಿಯಾಗುತ್ತದೆ. ಎಲ್ಲವನ್ನೂ ತನ್ನ ಭಾಷೆಯಲ್ಲಿ, ಒಂದರ ಮೇಲೊಂದು, ಗಂಟಲು ಒಣಗುವವರೆಗೆ ಹೇಳಿದ.

ಹೇಳಿ, ಉತ್ತರಕ್ಕಾಗಿ ಕೆಳಗೆ ನೋಡಿದ.

ಅಕ್ಕ ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಏನೂ ತಿಳಿಯದವರ ನಗುವಿತ್ತು.

"ನಂಗೆ ಬರೋದು ಅದೊಂದೇ ಮಾತು ಕಣೋ," ಎಂದಳು.

"ಸಾಕು ಅಕ್ಕ," ಎಂದು ಅವಳ ಭಾಷೆಯಲ್ಲೇ ಹೇಳಿ, ಅವನು ಬ್ರಶ್ ಒರೆಸಿಕೊಂಡು ಏಣಿ ಇಳಿದ.