ಒಂದು ನಂದು, ಒಂದು ಅಕ್ಕಂದು

ಮತ್ತೆ ತಿರುಚಿಕೊಂಡಿತು, ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ ಕೈ ತೆಗೆದದ್ದೇ ತಡ, ನೀಲಿ ಮಣಿಯ ಸರ ಮೆಲ್ಲಗೆ ಪಕ್ಕಕ್ಕೆ ಹೊರಳಿತು — ಇದು ಮೂರನೆಯ ಸಲ, ಮಣಿ ಅವೇ, ತಂತಿ ಅದೇ, ಇಪ್ಪತ್ತು ವರ್ಷ ಪಳಗಿದ ಇವಳ ಕೈಯೂ ಅದೇ, ಮಣಿಯೊಳಗೆ ತಂತಿ ತೂರಿಸು, ಎರಡೂ ತುದಿಯನ್ನು ಇಕ್ಕಳದಲ್ಲಿ ಸುತ್ತಿ ಕೊಂಡಿ ಮಾಡು, ಹಿಂದಿನದಕ್ಕೆ ಸಿಕ್ಕಿಸಿ ಬಾಯಿ ಮುಚ್ಚು, ಇದರಲ್ಲಿ ತಪ್ಪುವುದಕ್ಕೇನಿದೆ, ಆದರೂ ಮಾರಲು ಕೊಟ್ಟ ಸರಗಳನ್ನೆಲ್ಲ ಅಂಗಡಿಯಾಕೆ ವಾಪಸ್ ತಂದು ಸುರಿದು ಹೋಗಿದ್ದಾಳೆ, ಏನಮ್ಮ ಇದು, ಕುತ್ತಿಗೆ ಮೇಲೆ ನೆಟ್ಟಗೆ ಕೂರೋದೇ ಇಲ್ಲ, ಮೊದಲು ಹೀಗಿರ್ಲಿಲ್ವಲ್ಲ. ಮೊದಲು ಎದುರಿನ ಕುರ್ಚಿಯಲ್ಲಿ ಅಕ್ಕ ಇದ್ದಳು, ಎಡಚಿ ಅಕ್ಕ, ಇಬ್ಬರ ನಡುವೆ ಒಂದೇ ಸರ, ಒಂದು ಕೊಂಡಿ ಇವಳದು, ಒಂದು ಅಕ್ಕನದು, ಸರ ಮೇಜಿನ ಮೇಲೆ ಅತ್ತಿಂದಿತ್ತ ಓಡಾಡುತ್ತ ಬೆಳೆಯುತ್ತಿತ್ತು, ಬಾಯಿಗೂ ಬಿಡುವಿರಲಿಲ್ಲ, ಈಗ ನೋಡಿದರೆ ಹಾಲಿನವನಿಗೆ ಅರ್ಧ ಲೀಟರು ಸಾಕು ಎಂದದ್ದೇ ನಿನ್ನೆ ಇಡೀ ದಿನದ ಮಾತು. ಎಲ್ಲ ತನ್ನದೇ ಹಾಳು ನಾಲಿಗೆಯಿಂದ. ಅವತ್ತು ಅಂಗಡಿಯಾಕೆಯ ಮುಂದೆ ದೊಡ್ಡಸ್ತಿಕೆ ಬೇರೆ ಕೇಡು — ಓರೆ ಇರೋವೆಲ್ಲ ಅಕ್ಕಂದು ಕಣ್ರೀ, ಉಲ್ಟಾ ಸುತ್ತುತ್ತಾಳೆ, ನನ್ನದು ನೋಡಿ — ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಮೂರು ಲೋಟ ಚಹಾ, ಅವನ್ನು ಮೇಜಿನ ಮೇಲಿಟ್ಟಳು, ಮರುದಿನ ತನ್ನ ಇಕ್ಕಳ ತೆಗೆದುಕೊಂಡು ಮಗಳ ಮನೆಗೆ ಹೋದಳು, ಏಳು ತಿಂಗಳಾಯಿತು. ಹೋದರೆ ಹೋಗಲಿ ಅಂದುಕೊಂಡಿದ್ದಳು ಇವಳು, ಬಿಗುಮಾನ ಇವಳಿಗೇನು ಕಮ್ಮಿಯೇ.

ಡ್ರಾಯರಿನ ಮೂಲೆಯಲ್ಲಿ ಇಬ್ಬರೂ ಸೇರಿ ಮಾಡಿದ ಹಳೆಯ ತುಂಡೊಂದು ಸಿಕ್ಕಿತು, ಮಲಗಿಸಿದರೆ ಕದಲಲಿಲ್ಲ, ಗೆರೆ ಎಳೆದಷ್ಟು ನೇರ, ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಕ ಏರಿಸಿ ನೋಡುತ್ತಾಳೆ, ಒಂದು ಕೊಂಡಿ ಬಲಕ್ಕೆ ವಾಲಿದೆ, ಮುಂದಿನದು ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ — ಅಯ್ಯೋ, ತನ್ನದೂ ಓರೆಯೇ, ಇಪ್ಪತ್ತು ವರ್ಷದಿಂದಲೂ ಓರೆ, ಅದನ್ನು ಅಕ್ಕನ ಓರೆ ಎಳೆದು ಹಿಡಿದಿತ್ತು ಅಷ್ಟೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಯೋಚಿಸುತ್ತ ಕೂತರೆ ಧೈರ್ಯ ಸಾಲದೆಂದು ಫೋನು ಎತ್ತಿದಳು, ಹ್ಞೂಂ ಹೇಳು ಅಂದಳು ಅಕ್ಕ, ಬೇರೆ ಯಾರಿಗೋ ಅನ್ನುವ ಹಾಗೆ. ತಪ್ಪಾಯಿತು ಅನ್ನಬೇಕಿತ್ತು, ಬಾಯಿಗೆ ಬಂದದ್ದು ಬೇರೆ — ಸರ ತಿರುಚ್ಕೊಳ್ತಿದೆ ಅಕ್ಕ. ಆ ಕಡೆ ಯಾರೋ ನಗುತ್ತಿದ್ದಾರೆ, ಪಾತ್ರೆ ಸದ್ದು, ತುಂಬಿದ ಮನೆ. ತಿರುಚ್ಕೊಳ್ಳತ್ತೆ, ನಂಗೊತ್ತಿತ್ತು, ಅಂದಳು ಅಕ್ಕ. ಗೊತ್ತಿದ್ರೆ ಹೇಳ್ಬಾರ್ದಿತ್ತಾ? ನಿನ್ನ ಕೈ ಓರೆ ಅಂತ ಬೇರೆಯವರ ಮುಂದೆ ನಾನು ಹೇಳ್ಲಾ? ಬಾ ಅಕ್ಕ, ಬಂದುಬಿಡು, ಅನ್ನುವ ಮಾತು ಇವಳ ನಾಲಿಗೆಯ ತುದಿಯವರೆಗೆ ಬಂದೇ ಬಿಟ್ಟಿತ್ತು, ಅಷ್ಟರಲ್ಲಿ ಅಕ್ಕನೇ ಅಂದಳು, ಒಂದು ಬಿಟ್ಟು ಒಂದು ಎಡಗೈಲಿ ಸುತ್ತು, ಸರಿ ಹೋಗತ್ತೆ. ದನಿಯಲ್ಲಿ ಕೋಪವಿರಲಿಲ್ಲ, ಕೋಪವಾದರೂ ಇದ್ದಿದ್ದರೆ. ಕಲ್ತ್ಕೊ, ಇನ್ಮೇಲೆ ಬೇಕಾಗತ್ತೆ, ಅಂದಳು ಅಕ್ಕ, ಇವಳು ಸರಿ ಅಂದಳು, ಫೋನು ಕಟ್ಟಾಯಿತು.

ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಾಳೆ, ತಂತಿ ಜಾರುತ್ತದೆ, ಮತ್ತೆ ಹಿಡಿಯುತ್ತಾಳೆ, ಅರ್ಧ ಸುತ್ತಿ ನಿಲ್ಲುತ್ತದೆ, ಇನ್ನೊಂದು ಸ್ವಲ್ಪ, ಕೂದಲೆಳೆಯಷ್ಟು — ಬಾಯಿ ಮುಚ್ಚುವುದಿಲ್ಲ, ಒತ್ತಿದರೂ ಮುಚ್ಚುವುದಿಲ್ಲ, ಅರ್ಧ ಕೊಂಡಿ, ತೆರೆದ ಬಾಯಿ, ತೆರೆದ ಬಾಯಿ